ಬೀಗರಿಲ್ಲದ ಮದುವೆ

ಬಿಮಲ್ ರಾಯ್ ಅವರ ‘ಸುಜಾತಾ’ (1959) ಸಿನಿಮಾವನ್ನು ನಾನು ಮೊದಲ ಸಲ ನೋಡಿದ್ದು ದೂರದರ್ಶನದಲ್ಲಿ, ಅವ್ವನ ಪಕ್ಕ ಕೂತು. ಅವ್ವನಿಗೆ ಹಿಂದಿ ಒಂದಕ್ಷರ ಬಾರದು. ನನ್ನದೂ ಹಾಸ್ಟೆಲ್ಲಿನಲ್ಲಿ ಕಲಿತ ಅರೆಬರೆ ಹಿಂದಿ. ಆದರೂ ನೂತನ್ ಅತ್ತಾಗೆಲ್ಲ ಅವ್ವ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಕೊನೆಗೆ ಎಲ್ಲವೂ ಸುಸೂತ್ರವಾಗಿ ಸಿನಿಮಾ ಮುಗಿದಾಗ ನಾನು ದೊಡ್ಡ ತಿಳಿವಳಿಕಸ್ಥನ ಹಾಗೆ, “ನೋಡವ್ವ, ಆ ಹುಡ್ಗಿ ನಮ್ಮೋಳು. ಆ ಹುಡ್ಗ ಬ್ರಾಂಬ್ರೋನು. ಎಂಗೆ ಮದ್ವೆ ಆಯ್ತು ನೋಡು” ಅಂದೆ. ಅವ್ವ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಅದ್ಸರಿ ಕನ್ ಮಗ, ಇವ್ಳ ಕಡೆ ಬೀಗ್ರು ಯಾರೂ ಬರ್ನೇ ಇಲ್ವಲ್ಲ?” ಅಂದಳು.

ಆಗ ನಾನು ನಕ್ಕುಬಿಟ್ಟಿದ್ದೆ. ಅಷ್ಟು ದೊಡ್ಡ ಸಿನಿಮಾ ನೋಡಿ ಅವ್ವನಿಗೆ ಹೊಳೆದದ್ದು ಬೀಗರೂಟವೇ ಅಂದುಕೊಂಡಿದ್ದೆ. ಆಮೇಲಿನ ವರ್ಷಗಳಲ್ಲಿ ಈ ಸಿನಿಮಾವನ್ನು ನಾಲ್ಕೈದು ಸಲ ನೋಡಿದ್ದೇನೆ. ಅದರ ಬಗ್ಗೆ ಬಲ್ಲವರು ಬರೆದದ್ದನ್ನು ಓದಿದ್ದೇನೆ. ಅವ್ವ ಕೇಳಿದ್ದಕ್ಕಿಂತ ದೊಡ್ಡ ಪ್ರಶ್ನೆಯನ್ನು ಆ ಸಿನಿಮಾದ ಮುಂದೆ ಯಾರೂ ಇಟ್ಟಂತೆ ನನಗೆ ಕಾಣಲಿಲ್ಲ.

ನಮ್ಮ ಕಡೆ ಮದುವೆ ಅಂದರೆ ಒಂದು ಗಂಡು ಒಂದು ಹೆಣ್ಣು ಒಪ್ಪಿಕೊಂಡದ್ದಷ್ಟೇ ಅಲ್ಲ. ಅದು ಕೊಟ್ಟು ತರುವ ವ್ಯವಹಾರ. ಯಾರ ಮನೆಗೆ ಹೆಣ್ಣು ಕೊಡುತ್ತೇವೆ, ಯಾರ ಮನೆಯಿಂದ ತರುತ್ತೇವೆ ಎಂಬುದರಿಂದಲೇ ಯಾರು ನಮ್ಮವರು ಎಂಬುದು ತೀರ್ಮಾನವಾಗುತ್ತದೆ. ಮದುವೆಯಾದ ಮೇಲೆ ಎರಡೂ ಕಡೆಯವರು ಬೀಗರು. ಬೀಗರು ಬಂದರೆ ಚಾಪೆ ಹಾಸಬೇಕು, ಕಾಲಿಗೆ ನೀರು ಕೊಡಬೇಕು, ಎಲೆ ಹಾಕಿ ಬಡಿಸಬೇಕು, ಅವರ ಮನೆಗೆ ಹೋದಾಗ ಅವರ ಎಲೆಯ ಮುಂದೆ ಕೂತು ಉಣ್ಣಬೇಕು. ಹೆರಿಗೆಗೆ ಮಗಳು ಅವ್ವನ ಮನೆಗೆ ಹೋದರೆ ಅಳಿಯ ಅಲ್ಲಿಗೆ ಹೋಗಿ ಮಲಗಬೇಕು. ಸತ್ತರೆ ಹೆಗಲು ಕೊಡಬೇಕು. ಅಸ್ಪೃಶ್ಯತೆ ತಡೆಯುವುದು ಬರೀ ಮೈಯ ಮುಟ್ಟುವಿಕೆಯನ್ನಲ್ಲ, ಈ ಇಡೀ ಬೀಗತನವನ್ನು. ಹಾಗಾಗಿ ಅಂತರ್ಜಾತಿ ಮದುವೆಯ ಕತೆಯೊಂದು ಎದುರು ಬಂದಾಗ ಪ್ರೀತಿ ಎಷ್ಟು ಆಳವಾಗಿತ್ತು ಎಂಬುದಕ್ಕಿಂತ ಮೊದಲು ಕೇಳಬೇಕಾದದ್ದು ಇದನ್ನೇ: ಬೀಗರು ಯಾರು? ಬಂದರೆ?

ಸಿನಿಮಾ ನೋಡಿರದ ಗೆಳೆಯರಿಗಾಗಿ ಕತೆಯನ್ನು ಹೇಳಿಬಿಡುತ್ತೇನೆ. ಉಪೇಂದ್ರನಾಥ ಚೌಧರಿ ಎಂಬ ಇಂಜಿನಿಯರು. ಹೆಂಡತಿ ಚಾರು. ಮಗಳು ರಮಾಳ ಹುಟ್ಟುಹಬ್ಬದ ದಿನ ಕೂಲಿಗಳು ಒಂದು ಹಸುಗೂಸನ್ನು ತಂದು ಅವರ ಮುಂದೆ ಇಡುತ್ತಾರೆ. ಮಗುವಿನ ಅಪ್ಪ ಅವ್ವ ಕಾಲರಾಕ್ಕೆ ಸತ್ತಿದ್ದಾರೆ, ಜಾತಿ ಅಸ್ಪೃಶ್ಯರದು. ಮಗುವನ್ನು ಬೇರೆ ಎಲ್ಲಾದರೂ ಸಾಗಿಸುವ ಆಲೋಚನೆ ಕೈಗೂಡದೆ ಅದು ಆ ಮನೆಯಲ್ಲೇ ಉಳಿದು ಸುಜಾತಾ ಆಗುತ್ತದೆ. ರಮಾ ಕಾಲೇಜಿಗೆ ಹೋಗುತ್ತಾಳೆ, ಹಾಡುತ್ತಾಳೆ, ನಾಟಕ ಆಡುತ್ತಾಳೆ. ಸುಜಾತಾ ಮನೆಗೆಲಸ ನೋಡುತ್ತಾಳೆ, ತೋಟ ನೋಡುತ್ತಾಳೆ. ಮಡಿಯ ಮುದುಕಿ ಗಿರಿಬಾಲಾಳಿಗೆ ತನ್ನ ಮನೆಯ ಹುಡುಗ ಅಧೀರನಿಗೆ ರಮಾಳನ್ನು ತರುವ ಆಸೆ. ಅಧೀರ್ ಮೆಚ್ಚುವುದು ಸುಜಾತಾಳನ್ನು. ಚಾರು ಸಿಟ್ಟಾಗುತ್ತಾಳೆ, ಉಂಡ ಮನೆಗೆ ದ್ರೋಹ ಬಗೆದೆ ಎಂಬಂತೆ ಸುಜಾತಾಳ ಮೇಲೆ ಹರಿಹಾಯುತ್ತಾಳೆ, ಮೆಟ್ಟಿಲಿಂದ ಉರುಳಿ ಬೀಳುತ್ತಾಳೆ. ಆಕೆಗೆ ರಕ್ತ ಬೇಕು. ಹೊಂದುವ ರಕ್ತ ಇರುವುದು ಸುಜಾತಾಳ ಮೈಯಲ್ಲಿ ಮಾತ್ರ. ರಕ್ತ ಕೊಟ್ಟ ಮೇಲೆ ಚಾರುವಿನ ಕಣ್ಣು ತೆರೆಯುತ್ತದೆ, ಸುಜಾತಾ ಮಗಳಾಗುತ್ತಾಳೆ, ಅಧೀರನ ಹೆಂಡತಿಯೂ ಆಗುತ್ತಾಳೆ.

ಇದು ಸುಬೋಧ್ ಘೋಷ್ ಅವರ ಬಂಗಾಳಿ ಕತೆ, ನಬೇಂದು ಘೋಷ್ ಚಿತ್ರಕತೆ ಬರೆದರು, ಎಸ್.ಡಿ. ಬರ್ಮನ್ ಸಂಗೀತ, ಮಜರೂಹ್ ಸುಲ್ತಾನ್‌ಪುರಿ ಹಾಡುಗಳು. ಫಿಲ್ಮ್‌ಫೇರ್‌ನ ಅತ್ಯುತ್ತಮ ಚಿತ್ರ, ನಿರ್ದೇಶನ, ನಟಿ, ಕತೆ ಪ್ರಶಸ್ತಿಗಳೆಲ್ಲ ಇದಕ್ಕೇ ಬಂದವು. 1960ರಲ್ಲಿ ಕಾನ್ ಉತ್ಸವಕ್ಕೂ ಹೋಯಿತು. ಬಿಮಲ್ ರಾಯ್ ಸಾಮಾನ್ಯರಲ್ಲ. ‘ದೋ ಬಿಘಾ ಜಮೀನ್’ (1953) ಮಾಡಿದವರು. ‘ಪರಿಣೀತಾ’ (1953), ‘ಬಿರಾಜ್ ಬಹೂ’ (1954), ‘ದೇವದಾಸ್’ (1955) ಹೀಗೆ ಶರತ್‌ಚಂದ್ರರ ಕತೆಗಳ ಮೂಲಕ ಬಂಗಾಳದ ಮೇಲುಜಾತಿ ಮನೆಗಳ ಒಳಗೆ ಮದುವೆ ಎಂಬುದು ಹೆಣ್ಣಿಗೆ ಏನು ಮಾಡುತ್ತದೆ ಎಂದು ಹುಡುಕಿಕೊಂಡು ಬಂದವರು. ಆ ಹುಡುಕಾಟ ಮನೆಯ ಹೊಸ್ತಿಲ ತನಕ ಬಂದು ನಿಂತಾಗ ಸಿಕ್ಕ ಕತೆ ‘ಸುಜಾತಾ’. ಅದು ಅವರ ಪ್ರಾಮಾಣಿಕತೆ. ಹೊಸ್ತಿಲು ದಾಟಿ ಕೇರಿಗೆ ಹೋದರೇ ಎಂಬುದು ನನ್ನ ತಕರಾರು.

ಸಿನಿಮಾದಲ್ಲಿ ಬಹಳ ಸೂಕ್ಷ್ಮವಾಗಿ ಕಂಡಿರುವ ಒಂದು ಸಂಗತಿಯನ್ನು ಮೊದಲು ಹೇಳಬೇಕು. ಬಂದವರಿಗೆ ಸುಜಾತಾಳನ್ನು ಪರಿಚಯಿಸುವಾಗ ಚಾರು “ಮಗಳು” ಅನ್ನುವುದಿಲ್ಲ, “ಮಗಳಿದ್ದಂತೆ” ಅನ್ನುತ್ತಾಳೆ. ಆ ‘ಇದ್ದಂತೆ’ ಕೇಳಿದಾಗೆಲ್ಲ ನೂತನ್ ಮುಖದ ಮೇಲೆ ಒಂದು ನೆರಳು ಹಾದುಹೋಗುತ್ತದೆ. ಇಡೀ ಸಿನಿಮಾ ನಿಂತಿರುವುದು ಆ ಒಂದು ಪದದ ಮೇಲೆ. ನಮ್ಮ ಕೇರಿಯವರಿಗೆ ಆ ಪದವನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. “ಇವ್ನು ನಮ್ಮನೆ ಮಗ ಇದ್ದಂಗೆ” ಎಂದು ಗೌಡರು ಯಾರ ಬಗ್ಗೆ ಹೇಳುತ್ತಾರೆ? ಮಗನ ಬಗ್ಗೆಯಂತೂ ಅಲ್ಲ. ಜೀತಕ್ಕಿದ್ದವನ ಬಗ್ಗೆ. ಹಟ್ಟಿಯ ಮೂಲೆಯಲ್ಲಿ ಬೇರೆ ತಟ್ಟೆ ಇಟ್ಟುಕೊಂಡವನ ಬಗ್ಗೆ. ‘ಇದ್ದಂಗೆ’ ಅನ್ನುವುದು ಹತ್ತಿರ ಕರೆಯುವ ಮಾತಿನ ಹಾಗೆ ಕೇಳಿಸುತ್ತದೆ, ಆದರೆ ಮಾಡುವುದು ದೂರ ಇಡುವ ಕೆಲಸವನ್ನು. ಬಯ್ದರೆ ತಿರುಗಿ ಬಯ್ಯಬಹುದು. ‘ಇದ್ದಂಗೆ’ ಅಂದವರಿಗೆ ಏನು ತಿರುಗೇಟು ಕೊಡುತ್ತೀರಿ? ಇದನ್ನು 1959ರಲ್ಲಿ ಒಬ್ಬ ಸವರ್ಣ ನಿರ್ದೇಶಕ ಹಿಡಿದದ್ದಕ್ಕೆ ನಾನು ಈಗಲೂ ತಲೆಬಾಗುತ್ತೇನೆ.

ಆದರೆ ಆ ‘ಇದ್ದಂತೆ’ ಅಳಿಸಿಹೋಗುವುದು ಹೇಗೆ ನೋಡಿ. ರಕ್ತ ಕೊಟ್ಟ ಮೇಲೆ! ಇಷ್ಟು ವರ್ಷ ಬಡಿಸಿದ್ದು, ಗುಡಿಸಿದ್ದು, ಹಾಸಿಗೆ ಹಾಸಿದ್ದು ಸಾಲದೆ ಕೊನೆಗೆ ತೋಳಿಗೆ ಸೂಜಿ ಚುಚ್ಚಿಸಿಕೊಂಡು ರಕ್ತವನ್ನೇ ಸುರಿಯಬೇಕಾಯಿತು. ಜೀತದ ಕೊನೇ ಕಂತಿನ ಹಾಗೆ. ರಕ್ತಕ್ಕೆ ಜಾತಿಯಿಲ್ಲ ಎಂದು ವಿಜ್ಞಾನದ ಮೂಲಕ ಹೇಳುವುದು ಚಿತ್ರದ ಉದ್ದೇಶ, ಒಪ್ಪೋಣ. ಅಸ್ಪೃಶ್ಯರ ಮೈಯಿಂದ ವಿಷಗಾಳಿ ಹೊರಡುತ್ತದೆ ಎಂದು ವಾದಿಸುವ ಒಬ್ಬ ಪಂಡಿತನನ್ನು ತಂದು ಕೂರಿಸಿ, ಅವನ ಮೂರ್ಖತನವನ್ನು ಚಿತ್ರ ಗೇಲಿ ಮಾಡುತ್ತದೆ. ಆದರೆ ಆ ಪಂಡಿತನನ್ನು ಗೇಲಿ ಮಾಡಿದ ಚಿತ್ರವೇ, ಹುಡುಗಿ ಶುದ್ಧಳು ಎಂಬುದಕ್ಕೆ ಆಸ್ಪತ್ರೆಯಿಂದ ಒಂದು ಪ್ರಮಾಣಪತ್ರವನ್ನೂ ತರುತ್ತದಲ್ಲ! ಚಾರುವಿನ ರಕ್ತ ಪರೀಕ್ಷೆಗೆ ಯಾರೂ ಸಾಲು ನಿಲ್ಲಲಿಲ್ಲ.

ಇದು ಹಳೆಯ ಪದ್ಧತಿ. ಇಪ್ಪತ್ತಮೂರು ವರ್ಷ ಹಿಂದಕ್ಕೆ ಹೋದರೆ 1936ರಲ್ಲಿ ಬಾಂಬೆ ಟಾಕೀಸ್‌ನ ‘ಅಛೂತ್ ಕನ್ಯಾ’ ಇದೆ. ನಿರಂಜನ್ ಪಾಲ್ ಕತೆ, ಜರ್ಮನಿಯ ಫ್ರಾಂಜ್ ಓಸ್ಟೆನ್ ನಿರ್ದೇಶನ, ಸರಸ್ವತಿ ದೇವಿ ಸಂಗೀತ. ರೈಲ್ವೆ ಗೇಟು ಕಾಯುವ ದುಖಿಯಾನ ಮಗಳು ಕಸ್ತೂರಿಯಾಗಿ ದೇವಿಕಾ ರಾಣಿ, ಬ್ರಾಹ್ಮಣ ಅಂಗಡಿಯವನ ಮಗ ಪ್ರತಾಪನಾಗಿ ಅಶೋಕ್ ಕುಮಾರ್. ಅಲ್ಲೂ ಮೊದಲು ಏನಾಗುತ್ತದೆ? ಆ ಬ್ರಾಹ್ಮಣನಿಗೆ ಹಾವು ಕಚ್ಚುತ್ತದೆ, ದುಖಿಯಾ ಬಾಯಿಂದ ನಂಜು ಹೀರಿ ಬದುಕಿಸುತ್ತಾನೆ. ಅಲ್ಲಿಂದ ಸ್ನೇಹ. ಒಂದರಲ್ಲಿ ನಂಜು ಹೀರಿದ ಬಾಯಿ, ಇನ್ನೊಂದರಲ್ಲಿ ರಕ್ತ ಕೊಟ್ಟ ತೋಳು. ಅಸ್ಪೃಶ್ಯರು ಮೊದಲು ಪ್ರಾಣ ಉಳಿಸಿ ಕೊಡಬೇಕು, ಆಮೇಲೆ ಮನುಷ್ಯರಾಗಬಹುದು. ‘ಅಛೂತ್ ಕನ್ಯಾ’ದಲ್ಲಿ ಅಷ್ಟು ಮಾಡಿದರೂ ಮದುವೆ ಆಗುವುದಿಲ್ಲ. ಇಬ್ಬರಿಗೂ ಅವರವರ ಜಾತಿಯಲ್ಲೇ ಗಂಟು ಬಿದ್ದು, ಕೊನೆಗೆ ಅದೇ ರೈಲ್ವೆ ಗೇಟಿನ ಹತ್ತಿರ ಗಂಡನಿಗೂ ಪ್ರತಾಪನಿಗೂ ಹೊಡೆದಾಟ ನಡೆಯುವಾಗ ಕಸ್ತೂರಿ ರೈಲಿಗೆ ಸಿಕ್ಕಿ ಸಾಯುತ್ತಾಳೆ. ಆ ಲೆಕ್ಕದಲ್ಲಿ ‘ಸುಜಾತಾ’ ದೊಡ್ಡ ಹೆಜ್ಜೆಯೇ. ಹುಡುಗಿ ಸಾಯುವುದಿಲ್ಲ.

ಅದೇ 1936ರಲ್ಲಿ ಇನ್ನೊಂದು ಸಂಗತಿ ನಡೆಯಿತು. ಲಾಹೋರಿನ ಜಾತ್-ಪಾತ್ ತೋಡಕ್ ಮಂಡಲ ತನ್ನ ಸಮ್ಮೇಳನಕ್ಕೆ ಅಂಬೇಡ್ಕರರನ್ನು ಅಧ್ಯಕ್ಷರಾಗಿ ಕರೆದು, ಅವರ ಭಾಷಣ ಓದಿ ಬೆಚ್ಚಿ, ಸಮ್ಮೇಳನವನ್ನೇ ರದ್ದು ಮಾಡಿತು. ಆ ಭಾಷಣವನ್ನು ಬಾಬಾಸಾಹೇಬರು ತಾವೇ ಅಚ್ಚು ಹಾಕಿಸಿದರು: ‘ಜಾತಿ ವಿನಾಶ’. ಅದರಲ್ಲಿನ ವಾದವನ್ನು ನನ್ನ ಮಾತಿನಲ್ಲಿ ಹೇಳುವುದಾದರೆ, ಸಹಪಂಕ್ತಿ ಭೋಜನದಿಂದ ಜಾತಿ ಹೋಗುವುದಿಲ್ಲ. ರಕ್ತ ಬೆರೆತಾಗ ಮಾತ್ರ ಬಂಧುಗಳೆಂಬ ಭಾವನೆ ಹುಟ್ಟುತ್ತದೆ, ಅದಕ್ಕೆ ಮದ್ದು ಅಂತರ್ಜಾತಿ ವಿವಾಹ. ಆದರೆ ಜನ ಆ ಮದ್ದು ಕುಡಿಯದಂತೆ ತಡೆದಿರುವುದು ಅವರ ಕೆಟ್ಟತನವಲ್ಲ, ಶಾಸ್ತ್ರಗಳ ಮೇಲಿನ ನಂಬಿಕೆ. ಮೊದಲು ಶಾಸ್ತ್ರದ ಅಧಿಕಾರ ಒಡೆಯಬೇಕು. ಇನ್ನೂ ಹಿಂದೆ, 1916ರಲ್ಲೇ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಯುವಕ ಅಂಬೇಡ್ಕರ್ ತಮ್ಮ ಪ್ರಬಂಧದಲ್ಲಿ ಜಾತಿಯ ತಿರುಳೇ ಸ್ವಜಾತಿ ವಿವಾಹ ಎಂದು ತೋರಿಸಿದ್ದರು. ಒಳಗೊಳಗೇ ಕೊಟ್ಟು ತರುವ ಬೇಲಿಯೇ ಜಾತಿ.

‘ರಕ್ತ ಬೆರೆಯುವುದು’ ಅಂದಾಗ ಅಂಬೇಡ್ಕರ್ ಹೇಳಿದ್ದು ಬೀಗತನದ ಮಾತು. ‘ಸುಜಾತಾ’ದಲ್ಲಿ ರಕ್ತ ಬೆರೆಯುವುದು ಬಾಟಲಿಯಲ್ಲಿ.

ಈಗ ಅವ್ವನ ಪ್ರಶ್ನೆಗೆ ಬರುತ್ತೇನೆ. ಸುಜಾತಾಳಿಗೆ ಬೀಗರು ಯಾಕಿಲ್ಲ? ಯಾಕೆಂದರೆ ಕತೆಗಾರರು ಮೊದಲನೇ ರೀಲಿನಲ್ಲೇ ಅವರನ್ನು ಕಾಲರಾಕ್ಕೆ ಕೊಟ್ಟುಬಿಟ್ಟಿದ್ದಾರೆ. ಅಪ್ಪ ಅವ್ವ ಸತ್ತರು, ಸರಿ. ಮಗುವನ್ನು ಎತ್ತಿಕೊಂಡು ಬಂದ ಆ ಕೂಲಿಗಳು? ಅವರ ಹೆಂಡಿರು ಮಕ್ಕಳು? ಒಬ್ಬ ಚಿಕ್ಕಪ್ಪ, ಒಬ್ಬಳು ಸೋದರತ್ತೆ? ಇಂಜಿನಿಯರಿಗೆ ವರ್ಗವಾಗುತ್ತದೆ, ಕತೆ ಮುಂದಕ್ಕೆ ಹೋಗುತ್ತದೆ, ಕೇರಿ ಹಿಂದೆ ಉಳಿಯುತ್ತದೆ. ಆಮೇಲೆ ಅದು ಕಾಣಿಸಿಕೊಳ್ಳುವುದೇ ಇಲ್ಲ. ಸುಜಾತಾಳ ನಾಲಿಗೆಯಲ್ಲಿ ಕೇರಿಯ ಮಾತಿಲ್ಲ, ಮೈಯಲ್ಲಿ ಕೇರಿಯ ಕೆಲಸದ ಗುರುತಿಲ್ಲ, ನೆನಪಿನಲ್ಲಿ ಒಂದು ದೇವರಿಲ್ಲ, ಒಂದು ಹಾಡಿಲ್ಲ. ಜಾತಿ ಎಂಬುದು ಅವಳಿಗೆ ದೊಡ್ಡವಳಾದ ಮೇಲೆ ಕಿವಿಗೆ ಬೀಳುವ ಒಂದು ಸುದ್ದಿ. ಹೆಸರನ್ನೇ ನೋಡಿ: ಸುಜಾತಾ, ಒಳ್ಳೆಯ ಹುಟ್ಟಿನವಳು. ಆ ಕೂಲಿ ದಂಪತಿ ಬದುಕಿದ್ದರೆ ಅವಳನ್ನು ಏನೆಂದು ಕರೆಯುತ್ತಿದ್ದರೋ.

ಹಾಗಾಗಿ ಅಧೀರ್ ಮದುವೆಯಾಗುವುದು ಒಬ್ಬ ಅಸ್ಪೃಶ್ಯ ಹುಡುಗಿಯನ್ನು, ಅಸ್ಪೃಶ್ಯರ ಮನೆಯ ಹುಡುಗಿಯನ್ನಲ್ಲ. ಅವನು ಯಾವ ಗುಡಿಸಲಿಗೂ ಬಗ್ಗಿ ಹೋಗಬೇಕಾಗಿಲ್ಲ. ಯಾವ ಮಾವನ ಕಾಲಿಗೂ ಬೀಳಬೇಕಾಗಿಲ್ಲ. ಯಾರೂ ಅವನನ್ನು ‘ಅಳೀಮಯ್ಯ’ ಎಂದು ಕರೆಯುವುದಿಲ್ಲ. ಅವನ ಮಾವ ಅದೇ ಇಂಜಿನಿಯರು, ಅತ್ತೆ ಅದೇ ಚಾರು. ಗಿರಿಬಾಲಾ ಯಾವ ಮನೆಯಿಂದ ಹೆಣ್ಣು ತರಬೇಕೆಂದಿದ್ದಳೋ ಅದೇ ಮನೆಯಿಂದ ಹೆಣ್ಣು ಬಂತು. ಬೀಗತನ ಬದಲಾಗಲಿಲ್ಲ, ಹುಡುಗಿ ಬದಲಾದಳು. ಇದನ್ನು ಅಂತರ್ಜಾತಿ ವಿವಾಹ ಅನ್ನುವುದಾದರೆ ಅನ್ನಿ. ನನಗೆ ಅದು ಕೇರಿಯ ಹೆಣ ದಾಟಿಕೊಂಡು ನಡೆದ ಮದುವೆಯ ಹಾಗೆ ಕಾಣುತ್ತದೆ.

ಹಾಡುಗಳ ವಿಷಯ ಹೇಳದೆ ಮುಂದೆ ಹೋದರೆ ಅನ್ಯಾಯವಾಗುತ್ತದೆ. ಹಿಂದಿ ಸಿನಿಮಾದಲ್ಲಿ ಸಂಭಾಷಣೆ ಹೇಳಲಾಗದ್ದನ್ನು ಹಾಡು ಹೇಳುತ್ತದೆ, ಆದ್ದರಿಂದ ಯಾರಿಗೆ ಯಾವ ಹಾಡು ಸಿಕ್ಕಿತು ಎಂಬುದು ಬಹಳ ಮುಖ್ಯ. ರಮಾ ಪಿಯಾನೊ ಮುಂದೆ ಕೂತು ಬಾಲ್ಯದ ದಿನಗಳನ್ನು ಹಾಡಿದರೆ ಸುಜಾತಾ ದೂರದಿಂದ ದನಿಗೂಡಿಸುತ್ತಾಳೆ. ಅವಳು ತಾನೇ ಹಾಡುವುದು ಯಾರೂ ಇಲ್ಲದಾಗ, ಮೋಡಗಳ ಕೆಳಗೆ. ನದಿಯ ದಂಡೆಯಲ್ಲಿ ಇಬ್ಬರೂ ಕೂತಿದ್ದಾಗ ದೋಣಿಯವನ ಹಾಡು ಬರುತ್ತದೆ. ಅದು ಬರ್ಮನ್ ಅವರದೇ ದನಿ, ಪೂರ್ವ ಬಂಗಾಳದ ನೀರಿನ ದನಿ. ಆ ದನಿಯೊಂದೇ ಇಡೀ ಸಿನಿಮಾದಲ್ಲಿ ಕೇರಿಗೆ ಹತ್ತಿರವಾದದ್ದು ಅಂತ ನನಗನ್ನಿಸುತ್ತದೆ, ಆದರೆ ಹಾಡಿದ ದೋಣಿಯವನು ಹಾಡಿಕೊಂಡು ಹೋಗಿಬಿಡುತ್ತಾನೆ. ಇನ್ನು ಟೆಲಿಫೋನ್ ಹಾಡು. ತಲತ್ ಮಹಮೂದ್ ದನಿಯಲ್ಲಿ ಸುನೀಲ್ ದತ್ ಆ ಕಡೆಯಿಂದ ಹಾಡುತ್ತಾನೆ, ಈ ಕಡೆ ನೂತನ್ ರಿಸೀವರ್ ಕಿವಿಗೊತ್ತಿಕೊಂಡು ನಿಂತಿದ್ದಾಳೆ, ಕಣ್ಣೀರು ಇಳಿಯುತ್ತಿದೆ, ತುಟಿ ಅಲ್ಲಾಡುವುದಿಲ್ಲ. ಎಷ್ಟು ಸಲ ನೋಡಿದರೂ ನನ್ನ ಗಂಟಲು ಕಟ್ಟುತ್ತದೆ. ಆಮೇಲೆ ನಾಚಿಕೆಯಾಗುತ್ತದೆ. ಅಸ್ಪೃಶ್ಯತೆಯ ಬಗೆಗಿನ ಸಿನಿಮಾದ ಅತಿ ದೊಡ್ಡ ಪ್ರೇಮದ ಗಳಿಗೆ ಒಂದು ತಂತಿಯ ಎರಡು ತುದಿಗಳಲ್ಲಿ, ಮುಟ್ಟದೆ, ನಡೆಯುತ್ತದೆ. ಹಾಡುವವನು ಅವನು, ಕೇಳುವವಳು ಇವಳು. ಫೋನಿನಲ್ಲಿ ತಿರುಗಿ ಹಾಡಬಹುದಿತ್ತಲ್ಲ?

ಈ ಮೌನವೇ ಸುಜಾತಾಳ ಅರ್ಹತೆ. ಅವಳು ಒಮ್ಮೆಯಾದರೂ ಚಾರುವಿಗೆ ಎದುರಾಡಿದ್ದರೆ, “ನಿಮ್ಮ ಮಗಳಿದ್ದಂತೆ ಅಲ್ಲ, ನಾನು ಸತ್ತ ಆ ಕೂಲಿಯ ಮಗಳು” ಅಂದಿದ್ದರೆ, ಪ್ರೇಕ್ಷಕರು ಅಷ್ಟು ಅಳುತ್ತಿದ್ದರೆ? ಅನುಮಾನ. ಡಿ.ಆರ್. ನಾಗರಾಜ್ ‘ದ ಫ್ಲೇಮಿಂಗ್ ಫೀಟ್’ (1993) ಪುಸ್ತಕದಲ್ಲಿ ಗಾಂಧಿಯವರದು ಸವರ್ಣರ ಆತ್ಮಶುದ್ಧಿಯ ದಾರಿ, ಅಂಬೇಡ್ಕರರದು ದಲಿತರ ಆತ್ಮಗೌರವದ ದಾರಿ ಎಂದು ಬಿಡಿಸಿ ನೋಡಿದರು. ‘ಸುಜಾತಾ’ ಮೊದಲನೇ ದಾರಿಯ ಸಿನಿಮಾ. ಅದರ ನಿಜವಾದ ನಾಯಕಿ ಚಾರು. ಬದಲಾಗುವವಳು ಅವಳು, ಶುದ್ಧಳಾಗುವವಳು ಅವಳು. ಸುಜಾತಾ ಆ ಶುದ್ಧೀಕರಣಕ್ಕೆ ಬೇಕಾದ ನೀರು.

ಸಿನಿಮಾ ಇದನ್ನು ಮುಚ್ಚಿಟ್ಟಿಲ್ಲ. ಅಧೀರ್ ಸುಜಾತಾಳಿಗೆ ಗಾಂಧೀಜಿ ಅಸ್ಪೃಶ್ಯ ಬಾಲಕಿ ಲಕ್ಷ್ಮಿಯನ್ನು ಮಗಳಾಗಿ ಸ್ವೀಕರಿಸಿದ ಕತೆ ಹೇಳುತ್ತಾನೆ. ಸಾಯಬೇಕೆಂದು ಮಳೆಯಲ್ಲಿ ನದಿಗೆ ಓಡಿಬಂದ ಸುಜಾತಾಳನ್ನು ತಡೆಯುವುದು ಗಾಂಧಿ ಘಾಟಿನ ಗಾಂಧಿ ಪ್ರತಿಮೆ, ಆತ್ಮಹತ್ಯೆ ಬೇಡವೆಂದು ಅಲ್ಲಿ ಕೆತ್ತಿದ ಮಾತು. ಇದು 1959. ಅದಕ್ಕೆ ಮೂರು ವರ್ಷ ಮೊದಲು, 1956ರ ಅಕ್ಟೋಬರ್ 14ರಂದು, ನಾಗಪುರದಲ್ಲಿ ಲಕ್ಷಾಂತರ ಜನ ಬಾಬಾಸಾಹೇಬರ ಜೊತೆ ಬೌದ್ಧರಾಗಿದ್ದರು. ಎರಡು ತಿಂಗಳೊಳಗೆ ಮುಂಬಯಿಯಲ್ಲೇ ಅವರ ಅಂತ್ಯಸಂಸ್ಕಾರಕ್ಕೆ ಜನಸಾಗರ ಸೇರಿತ್ತು. ಬಿಮಲ್ ರಾಯ್ ಸಿನಿಮಾ ಮಾಡುತ್ತಿದ್ದುದೂ ಮುಂಬಯಿಯಲ್ಲೇ. ಆ ಸಾಗರದ ಒಂದು ಹನಿಯೂ ಈ ಸಿನಿಮಾದೊಳಗೆ ಬಿದ್ದಿಲ್ಲ.

ಇಲ್ಲಿ ಇನ್ನೊಂದು ಸಿಕ್ಕು ಇದೆ. ಚಿತ್ರದ ನಡುವೆ ರವೀಂದ್ರನಾಥರ ‘ಚಂಡಾಲಿಕಾ’ದ ಪ್ರಸಂಗ ಬರುತ್ತದೆ. 1933ರಲ್ಲಿ ನಾಟಕವಾಗಿ, 1938ರಲ್ಲಿ ನೃತ್ಯನಾಟಕವಾಗಿ ಟಾಗೋರರು ಬರೆದದ್ದು. ಬುದ್ಧನ ಶಿಷ್ಯ ಆನಂದ ಒಬ್ಬ ಚಂಡಾಲ ಹುಡುಗಿಯಲ್ಲಿ ನೀರು ಕೇಳಿ ಕುಡಿಯುತ್ತಾನೆ. ನೀನು ಮನುಷ್ಯಳು ಎಂದು ಅವಳಿಗೆ ತಿಳಿಯುವುದು ಅವನ ಆ ಒಂದು ಬೊಗಸೆಯಿಂದ. ಅಂದರೆ ಇಲ್ಲೂ ಮನುಷ್ಯತ್ವ ಮೇಲಿನಿಂದ ಬರುವ ದಾನ. ಟಾಗೋರರಿಗೆ ಈ ಕತೆ ಸಿಕ್ಕಿದ್ದು ರಾಜೇಂದ್ರಲಾಲ ಮಿತ್ರರು 1882ರಲ್ಲಿ ಪ್ರಕಟಿಸಿದ, ನೇಪಾಳದ ಸಂಸ್ಕೃತ ಬೌದ್ಧ ಗ್ರಂಥಗಳ ಪರಿಚಯದಲ್ಲಿ. ಮೂಲ ‘ದಿವ್ಯಾವದಾನ’ದ ಶಾರ್ದೂಲಕರ್ಣಾವದಾನ. ನಾನು ಆ ಮೂಲದ ಕತೆ ತಿಳಿದುಕೊಂಡಾಗ ಎದ್ದು ಕೂತೆ. ನೀರಿನ ಪ್ರಸಂಗ ಅಲ್ಲಿ ಬರೀ ಮುನ್ನುಡಿ. ಹುಡುಗಿ ಭಿಕ್ಷುಣಿಯಾಗುತ್ತಾಳೆ, ಚಂಡಾಲಿಯನ್ನು ಸಂಘಕ್ಕೆ ಸೇರಿಸಿಕೊಂಡದ್ದಕ್ಕೆ ಶ್ರಾವಸ್ತಿಯ ಮೇಲಿನವರು ಗಲಾಟೆ ಮಾಡುತ್ತಾರೆ, ಆಗ ಬುದ್ಧ ಹಿಂದಿನ ಜನ್ಮದ ಕತೆ ಹೇಳುತ್ತಾನೆ. ತ್ರಿಶಂಕು ಎಂಬ ಮಾತಂಗರ ರಾಜ. ಅವನ ಮಗ ಶಾರ್ದೂಲಕರ್ಣ. ಆ ರಾಜ ಪುಷ್ಕರಸಾರಿ ಎಂಬ ಬ್ರಾಹ್ಮಣನ ಹತ್ತಿರ ಹೋಗಿ, ನಿನ್ನ ಮಗಳನ್ನು ನನ್ನ ಮಗನಿಗೆ ಕೊಡು ಎಂದು ಕೇಳುತ್ತಾನೆ! ಬ್ರಾಹ್ಮಣ ಉರಿದುಬೀಳುತ್ತಾನೆ. ತ್ರಿಶಂಕು ಕೈಮುಗಿಯುವುದಿಲ್ಲ, ಅಳುವುದಿಲ್ಲ, ರಕ್ತ ಕೊಡುವುದಿಲ್ಲ. ಕೂತು ವಾದ ಮಾಡುತ್ತಾನೆ. ಹುಟ್ಟಿನಲ್ಲಿ, ಅಂಗಾಂಗದಲ್ಲಿ, ಸಾವಿನಲ್ಲಿ ಎಲ್ಲಿದೆ ವ್ಯತ್ಯಾಸ ತೋರಿಸು ಅನ್ನುತ್ತಾನೆ. ವೇದ ಗೊತ್ತು, ನಕ್ಷತ್ರವಿದ್ಯೆ ಗೊತ್ತು ಎಂದು ತೋರಿಸುತ್ತಾನೆ. ಕೊನೆಗೆ ಬ್ರಾಹ್ಮಣ ಸೋಲೊಪ್ಪಿ ಮಗಳನ್ನು ಕೊಡುತ್ತಾನೆ.

ಬೀಗನಾಗಲು ಬಂದ ಚಂಡಾಲ! ಈ ಭಾಗವನ್ನು ಟಾಗೋರರು ತೆಗೆದುಕೊಳ್ಳಲಿಲ್ಲ. ಅವರಿಗೆ ನೀರು ಕೊಟ್ಟ ಹುಡುಗಿ ಸಾಕಾಯಿತು. ಟಾಗೋರರಿಂದ ತೆಗೆದುಕೊಂಡ ಬಿಮಲ್ ರಾಯ್‌ಗೂ ಹುಡುಗಿಯೇ ಸಾಕಾಯಿತು.

ಯಾಕೆ ಯಾವಾಗಲೂ ಹುಡುಗಿಯೇ? ಮನುಧರ್ಮಶಾಸ್ತ್ರ ಇದಕ್ಕೆ ಉತ್ತರ ಕೊಡುತ್ತದೆ. ಮೇಲಿನ ಗಂಡು ಕೆಳಗಿನ ಹೆಣ್ಣನ್ನು ತಂದರೆ ಅನುಲೋಮ, ಅದನ್ನು ಹೇಗೋ ಸಹಿಸಿಕೊಳ್ಳಬಹುದು. ಕೆಳಗಿನ ಗಂಡು ಮೇಲಿನ ಹೆಣ್ಣನ್ನು ಮುಟ್ಟಿದರೆ ಪ್ರತಿಲೋಮ, ಅದು ಮಹಾಪಾತಕ. ಶೂದ್ರ ಗಂಡಿಗೂ ಬ್ರಾಹ್ಮಣ ಹೆಣ್ಣಿಗೂ ಹುಟ್ಟಿದವನೇ ಚಂಡಾಲ ಎಂದು ಮನು ಹೇಳುತ್ತಾನೆ. ಅಂದರೆ ಆ ಶಾಸ್ತ್ರದ ಪ್ರಕಾರ ಅಸ್ಪೃಶ್ಯತೆ ಹುಟ್ಟಿದ್ದೇ ಇಂಥ ಮದುವೆಗೆ ಕೊಟ್ಟ ಶಿಕ್ಷೆಯಾಗಿ. ‘ಅಛೂತ್ ಕನ್ಯಾ’, ‘ಸುಜಾತಾ’ ಎರಡೂ ಶಾಸ್ತ್ರವನ್ನು ಬೈಯುತ್ತಲೇ ಅದು ಹಾಕಿದ ಗೆರೆಯೊಳಗೇ ಓಡಾಡುತ್ತವೆ. ಸಣ್ಣ ಪರೀಕ್ಷೆ ಮಾಡಿ. ಕೂಲಿಗಳು ತಂದಿಟ್ಟ ಆ ಕೂಸು ಗಂಡಾಗಿದ್ದರೆ? ಸುಜಾತ ಎಂಬ ಹುಡುಗ ಆ ಮನೆಯಲ್ಲಿ ‘ಮಗನಿದ್ದಂತೆ’ ಬೆಳೆದು, ಅಧೀರನ ಮನೆಯ ಒಬ್ಬ ಹುಡುಗಿಯನ್ನು ಇಷ್ಟಪಟ್ಟಿದ್ದರೆ? ಅಥವಾ ಆ ಉದಾರಿ ಇಂಜಿನಿಯರ ಸಾಹೇಬರ ಮುಂದೆ ಅದೇ ಕೂಲಿಗಳಲ್ಲೊಬ್ಬರ ಓದಿದ ಮಗ ಬಂದು ರಮಾಳನ್ನು ಕೇಳಿದ್ದರೆ? ಎಸ್.ಡಿ. ಬರ್ಮನ್ ಯಾವ ರಾಗ ಹಾಕುತ್ತಿದ್ದರು?

ಕನ್ನಡದವರಾದ ನಮಗೆ ಇದು ಊಹೆಯ ಪ್ರಶ್ನೆ ಅಲ್ಲ. ಹನ್ನೆರಡನೇ ಶತಮಾನದ ಕಲ್ಯಾಣದಲ್ಲಿ ಸಮಗಾರ ಹರಳಯ್ಯನ ಮಗನಿಗೆ, ಬ್ರಾಹ್ಮಣನಾಗಿ ಹುಟ್ಟಿ ಶರಣನಾದ ಮಧುವರಸ ತನ್ನ ಮಗಳನ್ನು ಕೊಟ್ಟ. ಶರಣ ಕಥನಗಳು ಹೇಳುವಂತೆ ಬಿಜ್ಜಳ ಇಬ್ಬರು ಬೀಗರನ್ನೂ ಎಳೆಹೂಟೆ ಶಿಕ್ಷೆಗೆ ಗುರಿ ಮಾಡಿದ, ಆನೆಯ ಕಾಲಿಗೆ ಕಟ್ಟಿ ಎಳೆಸಿದ. ಗಮನಿಸಿ, ಶಿಕ್ಷೆಯ ಕತೆ ಉಳಿದುಬಂದಿರುವುದು ಅಪ್ಪಂದಿರ ಹೆಸರಿನಲ್ಲಿ. ರಾಜ್ಯಕ್ಕೆ ಸಹಿಸಲಾಗದ್ದು ಎರಡು ಎಳೆಯ ಜೀವಗಳ ಪ್ರೀತಿಯಲ್ಲ, ಒಬ್ಬ ಬ್ರಾಹ್ಮಣ ಮತ್ತು ಒಬ್ಬ ಸಮಗಾರ ಬೀಗರಾದದ್ದು. ಲಂಕೇಶರ ‘ಸಂಕ್ರಾಂತಿ’ (1971), ಶಿವಪ್ರಕಾಶರ ‘ಮಹಾಚೈತ್ರ’ (1986), ಕಾರ್ನಾಡರ ‘ತಲೆದಂಡ’ (1990) ನಾಟಕಗಳಲ್ಲಿ ನಮ್ಮ ರಂಗಭೂಮಿ ಮತ್ತೆ ಮತ್ತೆ ಆ ಕಲ್ಯಾಣಕ್ಕೆ ಹೋಗಿ ಬಂದಿದೆ. ‘ಸಂಕ್ರಾಂತಿ’ಯಲ್ಲಂತೂ ಕೇರಿಯ ಹುಡುಗ ರುದ್ರ, ಬ್ರಾಹ್ಮಣರ ಹುಡುಗಿ ಉಷಾ. ಈ ನಾಟಕಗಳ ಮೇಲೆ ನಮ್ಮ ಜಗಳ ಬೇರೆ ಇದೆ, ಅದು ಇನ್ನೊಂದು ಲೇಖನಕ್ಕಿರಲಿ. ಆದರೆ ಪ್ರಶ್ನೆಯನ್ನು ಅವು ತಿರುಚಿಲ್ಲ.

‘ಆ ಕಾಲದಲ್ಲಿ ಅಷ್ಟೇ ಸಾಧ್ಯವಿತ್ತು ಕಣಯ್ಯ’ ಎಂದು ಹಿರಿಯ ಗೆಳೆಯರು ಹೇಳುತ್ತಾರೆ. ಕಾಲದ ಮಾತು ಬಂದರೆ ಕಾಲವನ್ನೇ ನೋಡೋಣ. ಬೇರೆ ಬೇರೆ ಜಾತಿಯ ಹಿಂದೂಗಳ ಮದುವೆ ಊರ್ಜಿತ ಎನ್ನುವ ಕಾಯ್ದೆ 1949ರಲ್ಲೇ ಬಂದಿತ್ತು. ವಿಶೇಷ ವಿವಾಹ ಕಾಯ್ದೆ 1954ರದು, ಹಿಂದೂ ವಿವಾಹ ಕಾಯ್ದೆಯೂ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆಯೂ 1955ರದು. ಚಾರುವಿನ ಮನೆಯಲ್ಲಿ ಇವು ಯಾವುದರ ಸದ್ದೂ ಕೇಳುವುದಿಲ್ಲ. ಇನ್ನು ಗಾಂಧಿ. ಸಿನಿಮಾ ನಂಬಿದ ಗಾಂಧಿಯೇ ಕೊನೆಗಾಲದಲ್ಲಿ ಸಿನಿಮಾಕ್ಕಿಂತ ಮುಂದೆ ಹೋಗಿದ್ದರು. ವಧೂವರರಲ್ಲಿ ಒಬ್ಬರು ಹರಿಜನರಾಗಿದ್ದರೆ ಮಾತ್ರ ತಮ್ಮ ಆಶೀರ್ವಾದ ಎಂಬ ಮಟ್ಟಕ್ಕೆ ಬಂದಿದ್ದರು. ಆಂಧ್ರದ ನಾಸ್ತಿಕ ಗೋರಾ ಅವರು, ಹುಟ್ಟಿನಿಂದ ಬ್ರಾಹ್ಮಣರು, ಮಗಳು ಮನೋರಮಾಳನ್ನು ದಲಿತ ಯುವಕ ಅರ್ಜುನರಾವ್‌ಗೆ ಕೊಡಲು ನಿಶ್ಚಯಿಸಿದಾಗ ಗಾಂಧೀಜಿ ಒಪ್ಪಿ, ಸೇವಾಗ್ರಾಮದಲ್ಲೇ ಮದುವೆ ಮಾಡಿಸುವ ಮಾತಾಯಿತು. ಗಾಂಧೀಜಿ ಇರಲಿಲ್ಲ, ಅವರು ಕೊಲೆಯ ಗುಂಡಿಗೆ ಬಿದ್ದಾಗಿತ್ತು. ಆದರೂ 1948ರಲ್ಲಿ ಅಲ್ಲೇ ಮದುವೆ ನಡೆಯಿತು. ‘ಸುಜಾತಾ’ ಬರುವುದಕ್ಕೆ ಹನ್ನೊಂದು ವರ್ಷ ಮೊದಲು! ಹಾಗಾಗಿ ಕಾಲದ ಮೇಲೆ ತಪ್ಪು ಹೊರಿಸಬೇಡಿ. ಸೇವಾಗ್ರಾಮದಲ್ಲಿ ಆದದ್ದು ತೆರೆಯ ಮೇಲೆ ಆಗಲಿಲ್ಲ, ಅಷ್ಟೆ.

ಇಷ್ಟು ಜಗಳವಾಡಿದ ಮೇಲೂ ‘ಸುಜಾತಾ’ ನೋಡಬೇಡಿ ಎಂದು ನಾನು ವಿದ್ಯಾರ್ಥಿ ಗೆಳೆಯರಿಗೆ ಹೇಳುವುದಿಲ್ಲ. ನೋಡಿ, ಅಳು ಬಂದರೆ ಅಳಿ. ‘ಇದ್ದಂತೆ’ ಎಂಬ ಪದವನ್ನು ಅಷ್ಟು ನಿಚ್ಚಳವಾಗಿ ಕೇಳಿಸಿದ ಇನ್ನೊಂದು ಹಿಂದಿ ಸಿನಿಮಾ ನನಗೆ ಗೊತ್ತಿಲ್ಲ. ಹೊರಗೆ ಬಂದ ಮೇಲೆ ಲೆಕ್ಕ ಹಾಕಿ. 2011-12ರ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ ಜಾತಿ ಮೀರಿದ ಮದುವೆಗಳು ನೂರಕ್ಕೆ ಐದರ ಆಸುಪಾಸು ಕಂಡವು. ಸುಜಾತಾ ಅಧೀರರ ಮೊಮ್ಮಕ್ಕಳು ಮದುವೆಯ ವಯಸ್ಸಿಗೆ ಬಂದಿದ್ದ ಕಾಲ ಅದು. ಆ ಮಕ್ಕಳ ಜಾತಿ ಯಾವುದು? ಅಪ್ಪನದೇ ಎಂದು ಕಣ್ಣುಮುಚ್ಚಿ ತೀರ್ಮಾನಿಸುವಂತಿಲ್ಲ, ಮಗು ಯಾರ ನಡುವೆ ಹೇಗೆ ಬೆಳೆಯಿತು ನೋಡಬೇಕು ಎಂದು ಸುಪ್ರೀಂ ಕೋರ್ಟು 2012ರಲ್ಲಿ ಹೇಳಿತು. ಅಂದರೆ ಅವ್ವನ ಕೇರಿ ಕೋರ್ಟಿನಲ್ಲಾದರೂ ಲೆಕ್ಕಕ್ಕೆ ಬಂತು.

ಹಿಂದಿ ಸಿನಿಮಾದಲ್ಲಿ ಗೆರೆಯನ್ನು ಆ ಕಡೆಯಿಂದ ದಾಟುವ ಹುಡುಗ ಬರಲು ಬಹಳ ಕಾಲ ಬೇಕಾಯಿತು. ‘ಮಸಾನ್’ (2015) ಚಿತ್ರದಲ್ಲಿ ಕಾಶಿಯ ಸುಡುಗಾಡಿನ ಡೋಮರ ಹುಡುಗ ದೀಪಕ್ ಮೇಲುಜಾತಿಯ ಶಾಲೂಳನ್ನು ಪ್ರೀತಿಸುತ್ತಾನೆ. ಹಾಡು ಇದೆ, ಬಲೂನು ಇದೆ. ಆಮೇಲೆ ಬಸ್ ಅಪಘಾತದಲ್ಲಿ ಹುಡುಗಿ ಸಾಯುತ್ತಾಳೆ. ಬೀಗರ ಪ್ರಶ್ನೆ ಏಳುವ ಮೊದಲೇ ಬಸ್ಸು ಉರುಳಿತು. ನೀರಜ್ ಘಾಯ್ವಾನ್ ಸಂವೇದನೆಯುಳ್ಳ ನಿರ್ದೇಶಕ, ಸುಡುಗಾಡಿನ ಕೆಲಸವನ್ನು ಅಷ್ಟು ಹತ್ತಿರದಿಂದ ತೋರಿಸಿದವರು ಕಡಿಮೆ. ಆದರೂ ನನ್ನ ಪ್ರಶ್ನೆ ಉಳಿದೇ ಉಳಿಯಿತು.

ಅದಕ್ಕೆ ಉತ್ತರ ಬಂದದ್ದು ಹಿಂದಿಯಿಂದಲ್ಲ, ಮರಾಠಿಯಿಂದ. ನಾಗರಾಜ್ ಮಂಜುಳೆಯವರ ‘ಸೈರಾಟ್’ (2016). ಮೇಲುಜಾತಿಯ ಜಮೀನುದಾರನ ಮಗಳು ಆರ್ಚಿ, ಮೀನು ಹಿಡಿಯುವ ಮನೆಯ ಹುಡುಗ ಪರ್ಶ್ಯಾ. ಮೊದಲರ್ಧ ತುಂಬ ಅಜಯ್-ಅತುಲ್ ಹಾಡುಗಳು, ಜನ ಥಿಯೇಟರಿನಲ್ಲಿ ಎದ್ದು ಕುಣಿದರು. ಇಬ್ಬರೂ ಓಡಿ ಹೈದರಾಬಾದಿಗೆ ಹೋಗುತ್ತಾರೆ, ದುಡಿಯುತ್ತಾರೆ, ಜಗಳವಾಡುತ್ತಾರೆ, ಮದುವೆಯಾಗುತ್ತಾರೆ. ಒಂದು ಗಂಡು ಮಗು. ಆರ್ಚಿ ಅವ್ವನಿಗೆ ಫೋನು ಮಾಡುತ್ತಾಳೆ. ಸ್ವಲ್ಪ ದಿನದ ಮೇಲೆ ಒಂದು ದಿನ ಅವಳ ಸೋದರ, ನೆಂಟರು ಬಾಗಿಲಿಗೆ ಬರುತ್ತಾರೆ. ಅವ್ವ ಕಳಿಸಿದ್ದು ಎಂದು ಉಡುಗೊರೆ ತಂದಿದ್ದಾರೆ. ಆರ್ಚಿ ಅವರನ್ನು ಒಳಗೆ ಕರೆದು ಕೂರಿಸುತ್ತಾಳೆ. ಮಗು ಪಕ್ಕದ ಮನೆಯವಳ ಜೊತೆ ಹೊರಗೆ ಹೋಗಿದೆ. ಗಂಡ ಹೆಂಡತಿ ಸೇರಿ ಬಂದವರಿಗೆ ಚಹಾ ಮಾಡಿ ಕೊಡುತ್ತಾರೆ. ಪರ್ಶ್ಯಾನ ಮುಖದಲ್ಲಿ ಅಂಜಿಕೆ ಇದೆ, ಜೊತೆಗೆ ಅಳಿಯನ ಒಂದು ಸಣ್ಣ ಸಂಕೋಚವೂ ಇದೆ. ಬೀಗರು ಬಂದಿದ್ದಾರೆ. ಮಗು ತಿರುಗಿ ಬರುವ ಹೊತ್ತಿಗೆ ನೆಲವೆಲ್ಲ ರಕ್ತ, ಅದು ಅಳುತ್ತ ಹೊರಗೆ ನಡೆದಂತೆ ಹೆಜ್ಜೆ ಹೆಜ್ಜೆಗೂ ಅದರ ಪಾದದ ಗುರುತು ಬೀಳುತ್ತ ಹೋಗುತ್ತದೆ.